ಹಂಚಿನ ಕಾರ್ಖಾನೆಗೆ ಟಿಕೆಟ್ ಕೊಟ್ಟು ಯಾರು ಬರುತ್ತಾರೆ? ಮಂಗಳೂರು–ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಚ್ಚಿದ ಕಾರ್ಖಾನೆಯಲ್ಲಿ ನೋಡುವುದಕ್ಕೆ ಏನಿದೆ?

ಹಾಗೇ ಬೀಗ ತೆಗೆದು ಒಳಗೆ ಬಿಟ್ಟರೆ ಹೆಚ್ಚೇನೂ ಇಲ್ಲ. ಮಸಿ ಹಿಡಿದ ಗೋಡೆ, ತುಕ್ಕು ಹಿಡಿದ ಯಂತ್ರ, ಬಾವಲಿಗಳು. ದೇವಸ್ಥಾನವೋ ಕೋಟೆಯೋ ಆದರೆ ನೋಡಿದ ಕೂಡಲೇ ಕಣ್ಣಿಗೆ ಹಿಡಿಸುತ್ತದೆ. ಕಾರ್ಖಾನೆ ಹಾಗಲ್ಲ. ಮಣ್ಣು ಎಲ್ಲಿಂದ ಬಂತು, ಯಾರು ಹೊತ್ತರು, ಬೆಂಕಿ ಎಲ್ಲಿ ಉರಿಯಿತು, ಸರಕು ಯಾವ ದಾರಿಯಲ್ಲಿ ಹೊರಟಿತು ಎಂದು ತಿಳಿದ ಮೇಲೆಯೇ ಆ ಗೋಡೆಗೆ ಅರ್ಥ ಬರುತ್ತದೆ. ಆದ್ದರಿಂದ ಇಲ್ಲಿ ತೋರಿಸಬೇಕಾದದ್ದು ಕೆಲಸವನ್ನು. ಕಟ್ಟಡ ಅದರ ಒಂದು ಭಾಗ ಮಾತ್ರ. ಈ ಪುಟದ ಉಳಿದ ಉತ್ತರಗಳೆಲ್ಲ ಇದೇ ಮಾತಿನ ಸುತ್ತ ತಿರುಗುತ್ತವೆ.

ಮಂಗಳೂರಿಗೆ ಅಂಥ ಕೈಗಾರಿಕಾ ಇತಿಹಾಸ ನಿಜಕ್ಕೂ ಇದೆಯೇ? ನಮ್ಮದು ಬ್ಯಾಂಕು, ಕಾಲೇಜು, ಆಸ್ಪತ್ರೆಗಳ ಊರಲ್ಲವೇ?

ಬ್ಯಾಂಕುಗಳು ಬರುವ ಮೊದಲೇ ಇಲ್ಲಿ ಚಿಮಣಿಗಳು ಹೊಗೆಯಾಡುತ್ತಿದ್ದವು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ' ಪತ್ರಿಕೆ ಅಚ್ಚಾದದ್ದು ಅಲ್ಲಿಯೇ. ಕಿಟ್ಟೆಲ್ ನಿಘಂಟು 1894ರಲ್ಲಿ ಪ್ರಕಟವಾದದ್ದೂ ಮಂಗಳೂರಿನಿಂದಲೇ. ಮುದ್ರಣಾಲಯವೂ ಒಂದು ಕಾರ್ಖಾನೆ ಎಂಬುದನ್ನು ಸಾಹಿತ್ಯದವರು ಮರೆಯುತ್ತಾರೆ, ಕೈಗಾರಿಕೆಯವರಿಗೆ ಅದು ಹೊಳೆಯುವುದೇ ಇಲ್ಲ.

ಜೊತೆಗೆ ನೇಯ್ಗೆಯೂ ಇತ್ತು. ನೇಯ್ಗೆಯ ಮೇಲ್ವಿಚಾರಣೆಗೆ 1851ರಲ್ಲಿ ಬಂದ ಜೋಹಾನೆಸ್ ಹಾಲರ್ ಖಾಕಿ ಬಣ್ಣವನ್ನು ಇಲ್ಲಿಯೇ ಕಂಡುಹಿಡಿದರೆಂಬುದು ಊರಿನ ಹೆಮ್ಮೆಯ ಕಥೆ. ಆದರೆ ವಾಯವ್ಯ ಗಡಿಯಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಸೇನಾಧಿಕಾರಿ 1840ರ ದಶಕದಲ್ಲಿಯೇ ತನ್ನ ಪಡೆಗೆ ಖಾಕಿ ತೊಡಿಸಿದ್ದ ಎಂಬ ಇನ್ನೊಂದು ಕಥೆಯೂ ಇದೆ. ಮಾರ್ಗದರ್ಶಕರು ಎರಡನ್ನೂ ಹೇಳಲಿ. ಕೇಳಿದವರ ಆಸಕ್ತಿ ಹೆಚ್ಚುತ್ತದೆಯೇ ಹೊರತು ಊರಿನ ಮಾನವೇನೂ ಹೋಗುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಹಂಚು. ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಮೊದಲ ಹಂಚಿನ ಕಾರ್ಖಾನೆ ತೆರೆದರು. 1882ರಲ್ಲಿ ಕುದ್ರೋಳಿಯಲ್ಲಿ, 1886ರಲ್ಲಿ ಮಲ್ಪೆಯಲ್ಲಿ ಮಿಷನ್‌ನ ಬೇರೆ ಕಾರ್ಖಾನೆಗಳು ಬಂದವು. ಅವರನ್ನು ನೋಡಿ ಸ್ಥಳೀಯ ಉದ್ಯಮಿಗಳೂ ಇಳಿದರು. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯಲ್ಲಿ ಸಾಲುಸಾಲಾಗಿ ಚಿಮಣಿಗಳೆದ್ದವು. ಒಳನಾಡಿನಿಂದ ಘಟ್ಟ ಇಳಿದು ಬರುತ್ತಿದ್ದ ಕಾಫಿಯನ್ನು ಹದ ಮಾಡುವ ಕಾರ್ಖಾನೆಗಳು, ಗೇರುಬೀಜದ ಕಾರ್ಖಾನೆಗಳು, ಬೀಡಿ ಉದ್ಯಮ, ಇವುಗಳಿಗೆಲ್ಲ ಹೊಂದಿಕೊಂಡ ಬಂದರಿನ ಗೋದಾಮುಗಳು ಎಲ್ಲವೂ ಈ ಊರಿನವೇ. 1907ರಲ್ಲಿ ರೈಲು ಬಂದ ಮೇಲೆ ಸರಕಿಗೆ ಇನ್ನೊಂದು ದಾರಿ ತೆರೆಯಿತು.

ಹಂಚು ತಯಾರಾಗುವುದನ್ನು ಪ್ರವಾಸಿಗಳು ಆಸಕ್ತಿಯಿಂದ ನೋಡುತ್ತಾರೆಯೇ?

ಸರಿಯಾದ ಕ್ರಮದಲ್ಲಿ ತೋರಿಸಿದರೆ ಖಂಡಿತ ನೋಡುತ್ತಾರೆ. ಹೊಳೆಯ ಬದಿಯ ಜೇಡಿಮಣ್ಣು ದೋಣಿಯಲ್ಲಿ ಬಂದು ದಡದಲ್ಲಿ ರಾಶಿ ಬೀಳುತ್ತಿತ್ತು. ಕಾರ್ಖಾನೆಗಳೆಲ್ಲ ನೀರಿನ ಅಂಚಿನಲ್ಲಿಯೇ ಇರುವುದಕ್ಕೆ ಕಾರಣ ಅದು. ಮಣ್ಣನ್ನು ಕೆಲಕಾಲ ಹಾಗೆಯೇ ಬಿಟ್ಟು, ಬೇರೆ ಬೇರೆ ಜಾಗದ ಮಣ್ಣನ್ನು ಬೆರೆಸಿ, ಕಲ್ಲು–ಬೇರು ತೆಗೆದು, ಯಂತ್ರದಲ್ಲಿ ಅರೆದು ನಾದುತ್ತಿದ್ದರು. ಯಂತ್ರದ ಬಾಯಿಂದ ಹೊರಬಂದ ಮಣ್ಣಿನ ಹಲಗೆಯನ್ನು ತುಂಡು ಮಾಡಿ, ಎಣ್ಣೆ ಸವರಿದ ಅಚ್ಚಿನ ಕೆಳಗೆ ಇಟ್ಟು ಒತ್ತಿದರೆ ಹಂಚಿನ ಆಕಾರ. ಪಕ್ಕದ ಹಂಚಿಗೆ ಕೂಡಿಕೊಳ್ಳುವ ತೋಡು, ಮಾಡಿನ ಅಡ್ಡಪಟ್ಟಿಯಾದ ರೀಪಿಗೆ ಕಚ್ಚಿಕೊಳ್ಳುವ ಮೂಗು, ಬೆನ್ನಮೇಲೆ ಕಾರ್ಖಾನೆಯ ಹೆಸರು ಎಲ್ಲವೂ ಆ ಒಂದೇ ಒತ್ತಿಗೆ ಮೂಡುತ್ತವೆ. ಅಂಚು ಕತ್ತರಿಸಿ, ಮರದ ಅಟ್ಟಣೆಗಳಲ್ಲಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ. ಹಲವು ಕಾರ್ಖಾನೆಗಳಲ್ಲಿ ಈ ಅಟ್ಟಣೆಗಳು ಭಟ್ಟಿಯ ಮೇಲಿನ ಮಾಳಿಗೆಯಲ್ಲಿಯೇ ಇರುತ್ತಿದ್ದವು. ಕೆಳಗೆ ಉರಿಯುವ ಬೆಂಕಿಯ ಕಾವೇ ಮೇಲಿನ ಹಸಿ ಹಂಚನ್ನು ಒಣಗಿಸುತ್ತಿತ್ತು, ನಮ್ಮ ಮಳೆಗಾಲದಲ್ಲೂ. ಕೊನೆಗೆ ಭಟ್ಟಿ, ಅದರ ಹಿಂದೆ ಚಿಮಣಿ.

ಬೆಂದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದರು. ಟಣ್ ಎಂದರೆ ಒಳ್ಳೆಯದು, ಮಂಕಾದ ಸದ್ದಾದರೆ ಒಳಗೆ ಬಿರುಕು. ಪ್ರವಾಸಿಯ ಕೈಗೆ ಎರಡು ಹಂಚು ಕೊಟ್ಟು ತಟ್ಟಿಸಿ ನೋಡಿ. ಗೋಡೆಗೆ ಅಂಟಿಸಿದ ಹತ್ತು ಫಲಕಗಳಿಗಿಂತ ಅದು ಹೆಚ್ಚು ಕಲಿಸುತ್ತದೆ. ಹೊರಡುವ ಮೊದಲು ಪಕ್ಕಾಸು–ರೀಪುಗಳ ಒಂದು ಸಣ್ಣ ಮಾಡಿನ ಮೇಲೆ ಅವರಿಂದಲೇ ಒಂದು ಸಾಲು ಹೊದೆಸಿ, ನೀರು ಸುರಿಯಿರಿ. ಎಲ್ಲಿ ಸೋರಿತು ಎಂದು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದರೆ ಏಕೆ ಮುಚ್ಚಿದವು?

ಕಾಂಕ್ರೀಟು ತಾರಸಿ ಬಂತು, ಶೀಟು ಬಂತು, ಹೊಸ ಮನೆಗೆ ಹಂಚು ಹಾಕುವುದು ಬಡತನದ ಗುರುತು ಎಂಬ ಭಾವನೆ ಬಂತು. ಒಳ್ಳೆಯ ಮಣ್ಣು ಮತ್ತು ಸೌದೆ ದುಬಾರಿಯಾದವು. ಊರು ಬೆಳೆದು ಹೊಳೆಬದಿಯ ಜಾಗದ ಬೆಲೆ ಏರಿತು. ಆ ಜಾಗದಲ್ಲಿ ಹಂಚು ಮಾಡುವುದಕ್ಕಿಂತ ಅದನ್ನು ಮಾರುವುದೇ ಲಾಭವಾಯಿತು. ಮಿಷನ್‌ನ ಕಾರ್ಖಾನೆಗಳ ಕಥೆಯಲ್ಲಿ ಇನ್ನೊಂದು ತಿರುವೂ ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ, ಮಿಷನರಿಗಳಲ್ಲಿ ಹಲವರು ಜರ್ಮನರಾದ್ದರಿಂದ, ಅವನ್ನು ಶತ್ರುಗಳ ಆಸ್ತಿಯೆಂದು ವಶಪಡಿಸಿಕೊಂಡಿತು. ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಈಗ ಹಳೆಯ ಹಂಚನ್ನೇ ಹುಡುಕಿ ರೆಸಾರ್ಟಿಗೆ ಹೊದೆಸುವವರಿದ್ದಾರೆ. ಅದು ಬೇರೆ ತಮಾಷೆ.

ಹೊರದೇಶಗಳಲ್ಲಿ ಇದು ಎಲ್ಲಿಯಾದರೂ ನಡೆದಿದೆಯೇ?

ಜರ್ಮನಿಯ ಎಸೆನ್ ನಗರದ ಝೋಲ್‌ಫೆರೈನ್ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿತು, 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಲ್ಲಿದ್ದಲು ತೊಳೆಯುವ ಕಟ್ಟಡದಲ್ಲಿ ಈಗ ಆ ಪ್ರದೇಶದ ವಸ್ತುಸಂಗ್ರಹಾಲಯವಿದೆ. ಅಲ್ಲಿ ಹಳೆಯ ಗಣಿ ಕಾರ್ಮಿಕರೇ ಮಾರ್ಗದರ್ಶಕರಾದದ್ದುಂಟು. ಹತ್ತಿರದ ಡ್ಯುಸ್‌ಬರ್ಗ್‌ನಲ್ಲಿ 1985ರಲ್ಲಿ ನಿಂತ ಕಬ್ಬಿಣದ ಕಾರ್ಖಾನೆಯನ್ನು ಕೆಡವದೆ ಉದ್ಯಾನ ಮಾಡಿದರು. ಅನಿಲ ತುಂಬುತ್ತಿದ್ದ ದೊಡ್ಡ ತೊಟ್ಟಿಗೆ ನೀರು ತುಂಬಿಸಿ ಮುಳುಗು ಈಜು ಕಲಿಸುತ್ತಾರೆ, ಅದಿರಿನ ಕೋಠಿಗಳ ಗೋಡೆಯನ್ನು ಹತ್ತಲು ಬಿಡುತ್ತಾರೆ.

ನಮ್ಮ ಮಾಲೀಕರು ಗಮನಿಸಬೇಕಾದದ್ದು ಜಪಾನಿನ ತೊಮಿಯೋಕಾ ರೇಷ್ಮೆ ಕಾರ್ಖಾನೆಯನ್ನು. 1872ರಲ್ಲಿ ಸರ್ಕಾರ ಕಟ್ಟಿಸಿದ ಅದು 1987ರಲ್ಲಿ ನಿಂತಿತು. ಆಗಿನ ಮಾಲೀಕರಾದ ಕತಾಕುರಾ ಕಂಪನಿಯವರು ಅದನ್ನು ಮಾರಲಿಲ್ಲ, ಒಡೆಯಲಿಲ್ಲ. 2005ರಲ್ಲಿ ಊರಿಗೆ ಒಪ್ಪಿಸುವವರೆಗೆ ತಮ್ಮ ಖರ್ಚಿನಲ್ಲಿ ಮಾಡು ಸೋರದಂತೆ ನೋಡಿಕೊಂಡರು. 2014ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿತು. ಆ ನಡುವಿನ ಹದಿನೆಂಟು ವರ್ಷ ಲಾಭವಿಲ್ಲದೆ ಕಾದದ್ದೇ ಅಲ್ಲಿನ ದೊಡ್ಡ ಕೆಲಸ.

ನಮ್ಮ ದೇಶದಲ್ಲಿ?

ಮೂರು ಬಗೆಯ ಉದಾಹರಣೆಗಳಿವೆ. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಮಸಾಲೆ, ತೆಂಗಿನೆಣ್ಣೆ ವ್ಯಾಪಾರದ ಹಳೆಯ ಗೋದಾಮುಗಳ ಸಮೂಹ. 2012ರಿಂದ ಕೊಚ್ಚಿ–ಮುಝಿರಿಸ್ ಬಿನಾಲೆ ಎಂಬ ಕಲಾ ಪ್ರದರ್ಶನ ಅಲ್ಲಿ ನಡೆಯತೊಡಗಿದ ಮೇಲೆ ಸುತ್ತಲಿನ ಬೀದಿಗಳ ಬದುಕೇ ಬದಲಾಯಿತು. ಕಟ್ಟಡಗಳಿಗೆ ಹೆಚ್ಚು ಅಲಂಕಾರ ಮಾಡದೆ ಕಲೆಗೆ ಬಿಟ್ಟುಕೊಟ್ಟರು.

ಮುಂಬಯಿಯ ಬಟ್ಟೆ ಗಿರಣಿಗಳದು ಇನ್ನೊಂದು ದಾರಿ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ನಿಂತವು. ಫೀನಿಕ್ಸ್ ಮಿಲ್ಸ್ ಜಾಗ ಮಾಲ್ ಆಯಿತು. ಚಿಮಣಿ ಉಳಿದಿದೆ, ಗಿರಣಿ ಕಾರ್ಮಿಕರು ಉಳಿಯಲಿಲ್ಲ.

ನಮ್ಮದೇ ರಾಜ್ಯದ ಕೋಲಾರ ಚಿನ್ನದ ಗಣಿ ಮೂರನೆಯದು. 2001ರ ಫೆಬ್ರವರಿಯಲ್ಲಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ, 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ ಪಡೆದ ಊರು. ಇಷ್ಟಿದ್ದೂ ಅಲ್ಲಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ದಿಬ್ಬಗಳು. ಗಾಳಿ ಬೀಸಿದರೆ ಅದರ ಧೂಳು ಮನೆಗಳಿಗೆ ನುಗ್ಗುತ್ತದೆ. ಪರಂಪರೆಯ ಮಾತಾಡುವ ಮೊದಲು ಕಸ ತೆಗೆಯಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕುದುರೆಮುಖದ ಗಣಿಪಟ್ಟಣವನ್ನು ಪ್ರವಾಸಿ ತಾಣ ಮಾಡಬಹುದಲ್ಲವೇ?

ಆಸೆ ಸಹಜ. 1976ರಲ್ಲಿ ಸ್ಥಾಪನೆಯಾದ ಕಂಪನಿ, ಬೆಟ್ಟದ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದ ಸಾಹಸ, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತ ಗಣಿಗಾರಿಕೆ: ಕಥೆ ದೊಡ್ಡದೇ. ಆದರೆ ಗಣಿ ನಿಂತದ್ದು ಕಾಡು ಉಳಿಯಲೆಂದು. ರಾಷ್ಟ್ರೀಯ ಉದ್ಯಾನದ ನಡುವೆ ವಾಹನಗಳ ಸಾಲನ್ನು ಮತ್ತೆ ತರುವುದಾದರೆ ಹೋರಾಡಿದ್ದು ಯಾಕೆ? ಆ ಕಥೆಯನ್ನು ಕೊಳವೆಯ ಈ ತುದಿಯಲ್ಲಿ, ಪಣಂಬೂರಿನ ಕಡೆಯಲ್ಲಿ ಹೇಳುವುದು ಮೇಲು. ಕಡಲತೀರಕ್ಕೆ ಜನ ಹೇಗೂ ಬರುತ್ತಾರೆ.

ಕಾರ್ಖಾನೆ ಖಾಸಗಿ ಆಸ್ತಿ. ಮಾಲೀಕರು ಯಾಕೆ ಒಪ್ಪಬೇಕು?

ಒಪ್ಪಲೇಬೇಕೆಂದು ಹೇಳುವ ಹಕ್ಕು ನಮಗಿಲ್ಲ. ಬೋಳಾರದಲ್ಲೋ ಹೊಯ್ಗೆ ಬಜಾರಿನಲ್ಲೋ ನದಿಗೆ ಮುಖ ಮಾಡಿದ ಒಂದು ಎಕರೆಯನ್ನು ಸೆಂಟ್ಸ್ ಲೆಕ್ಕದಲ್ಲಿ ಮಾರಿದರೆ ಬರುವ ಹಣವನ್ನು ಯಾವ ವಸ್ತುಸಂಗ್ರಹಾಲಯವೂ ಟಿಕೆಟಿನಿಂದ ದುಡಿಯಲಾರದು. ಇದನ್ನು ಮುಚ್ಚಿಟ್ಟು ಮಾತಿಗೆ ಕುಳಿತರೆ ಮೊದಲ ಚಹಾಕ್ಕೇ ಸಭೆ ಮುಗಿಯುತ್ತದೆ. ಇಡೀ ಜಾಗವನ್ನು ಕೇಳಬಾರದು. ಭಟ್ಟಿ, ಚಿಮಣಿ, ಒಂದು ಅಟ್ಟಣೆಯ ಮಾಳಿಗೆ, ಮಣ್ಣು ಇಳಿಸುತ್ತಿದ್ದ ಕಡವು ಇಷ್ಟನ್ನು ಒಂದೇ ತುಂಡು ಜಾಗವಾಗಿ ಉಳಿಸಿ, ಉಳಿದ ಜಾಗದಲ್ಲಿ ಹೊಸ ಕಟ್ಟಡಕ್ಕೆ ಅವಕಾಶ ಕೊಡುವ ಮಾತುಕತೆ ಸಾಧ್ಯ. ಅದರಲ್ಲೂ ನದಿಯಂಚಿನ ಭಾಗದಲ್ಲಿ ಹೊಸದಾಗಿ ಕಟ್ಟಲು ಕರಾವಳಿ ನಿಯಂತ್ರಣ ವಲಯದ ನಿಯಮಗಳ ಅಡ್ಡಿ ಹೇಗೂ ಇದೆ. ಕಟ್ಟಲಾಗದ ಜಾಗದಲ್ಲಿಯೇ ಹಳೆಯ ಕಡವೂ ಭಟ್ಟಿಯೂ ಇದ್ದರೆ ಮಾಲೀಕರಿಗೂ ಲೆಕ್ಕ ಸರಿಹೋಗುತ್ತದೆ.

ಕಾನೂನಿನ ರಕ್ಷಣೆ ಸಿಗುವುದಿಲ್ಲವೇ?

ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಕನಿಷ್ಠ ನೂರು ವರ್ಷದ ವಯಸ್ಸು ಬೇಕು. ಆ ಪರೀಕ್ಷೆಯಲ್ಲಿ ನಮ್ಮ ಕೆಲವು ಭಟ್ಟಿಗಳು ಪಾಸಾಗುತ್ತವೆ. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆಯಿದೆ. ಆದರೆ ಕಾರ್ಖಾನೆಯನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿದರೆ ಸುತ್ತಲೂ ಕಟ್ಟಡ ನಿರ್ಬಂಧಗಳು ಬರುತ್ತವೆ, ನೆರೆಯವರೆಲ್ಲ ಶತ್ರುಗಳಾಗುತ್ತಾರೆ. ನಗರ ಯೋಜನೆಯ ಮಟ್ಟದಲ್ಲಿ ಪರಂಪರೆಯ ಕಟ್ಟಡಗಳ ಪಟ್ಟಿ ಮಾಡಿ, ಮಾಲೀಕರಿಗೆ ಬೇರೆಡೆ ಹೆಚ್ಚಿನ ನಿರ್ಮಾಣದ ಹಕ್ಕನ್ನೋ ತೆರಿಗೆ ರಿಯಾಯಿತಿಯನ್ನೋ ಕೊಡುವುದು ಹೆಚ್ಚು ಕೆಲಸಕ್ಕೆ ಬರುವ ದಾರಿ ಎಂಬುದು ನನ್ನ ಅಭಿಪ್ರಾಯ.

ಚಿಮಣಿ ಬಿದ್ದರೆ ಹೊಣೆ ಯಾರದು?

ಜಾಗದ ಒಡೆಯರದು. ಅದಕ್ಕೇ ಅವರು ಮೊದಲು ಕೆಡಹುವುದು ಚಿಮಣಿಯನ್ನೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮಾಡಿಲ್ಲದ ಇಟ್ಟಿಗೆ ಗೋಡೆ ಎಷ್ಟು ಮಳೆಗಾಲ ತಡೆದೀತು? ಅಶ್ವತ್ಥದ ಒಂದು ಸಸಿ ಬಿರುಕಿನಲ್ಲಿ ಬೇರೂರಿದರೆ ಸಾಕು, ಸಿಡಿಲು ಬೇರೆ ಬೇಡ. ಹಣ ಬರುವವರೆಗೆ ಕಾಯುವಾಗಲೂ ಮೂರು ಕೆಲಸ ಮಾಡಬೇಕು: ಗಿಡ ಕೀಳುವುದು, ಒಡೆದ ಹಂಚು ಬದಲಿಸುವುದು, ಮಳೆನೀರು ಪಾಯಕ್ಕೆ ನಿಲ್ಲದಂತೆ ಕಣಿ ತೆಗೆಯುವುದು. ಮುರಕಲ್ಲಿನ ಗೋಡೆಗೆ ಸಿಮೆಂಟು ಬಳಿಯುವ ಹುಮ್ಮಸ್ಸು ಮಾತ್ರ ಬೇಡ. ಒಳಗಿನ ತೇವ ಹೊರಬರಲಾರದೆ ಕಲ್ಲೇ ಪುಡಿಯಾಗುತ್ತದೆ; ಸುಣ್ಣದ ಗಾರೆಯೇ ಆಗಬೇಕು. ನಂತರದ ಕಾಲದಲ್ಲಿ ಸೇರಿಸಿದ ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳಿದ್ದರೆ ಪ್ರವಾಸಿಗಳನ್ನು ಬಿಡುವ ಮೊದಲು, ತಿಳಿದವರ ಕೈಯಿಂದ, ಒಡೆಯದೆ ತೆಗೆಸಬೇಕು.

ಒಳ್ಳೆಯ ಕೆಫೆ ಮಾಡಿದರೆ ಆಗದೇ?

ಆಗಲಿ. ಕಾಫಿ ಕುಡಿಯುವವರಿಂದಲೇ ಮಾಡಿನ ರಿಪೇರಿ ನಡೆಯುವುದಾದರೆ ನನ್ನ ತಕರಾರಿಲ್ಲ. ಆದರೆ ಭಟ್ಟಿಯ ಬಾಯಿಗೆ ಬಣ್ಣದ ದೀಪ ಹಾಕಿ, ಫೋಟೊ ತೆಗೆಯುವ ಹಿನ್ನೆಲೆಯನ್ನಾಗಿ ಮಾತ್ರ ಉಳಿಸಿ, ಇದು ಏನಾಗಿತ್ತು ಎಂದು ಕೇಳಿದರೆ ಬಡಿಸುವ ಹುಡುಗನಿಗೂ ಗೊತ್ತಿಲ್ಲದಿದ್ದರೆ ಅಲ್ಲಿ ಉಳಿದದ್ದು ಇಟ್ಟಿಗೆ ಮಾತ್ರ.

ಕಾರ್ಮಿಕರ ಕಥೆಗೆ ಜಾಗ ಎಲ್ಲಿ?

ಮಧ್ಯದಲ್ಲಿ. ಮೂಲೆಯ ಒಂದು ಕಪಾಟಿನಲ್ಲಲ್ಲ.

ಮಿಷನ್ ಉದ್ಯಮ ಆರಂಭಿಸಿದ್ದಕ್ಕೆ ಒಂದು ಕಾರಣ, ಮತಾಂತರವಾದವರು ತಮ್ಮ ಜಾತಿ–ಕುಲಕಸುಬುಗಳಿಂದ ಹೊರಬಿದ್ದು ಅನ್ನಕ್ಕೆ ದಾರಿ ಕಾಣದಾಗಿದ್ದರು. ಈ ಸಂಗತಿಯನ್ನು ಹೊಗಳಿಕೆಗೂ ಬೈಗುಳಕ್ಕೂ ಬಳಸುವವರಿದ್ದಾರೆ. ವಸ್ತುಸಂಗ್ರಹಾಲಯ ಎರಡನ್ನೂ ಬಿಟ್ಟು ನಡೆದದ್ದನ್ನು ಹೇಳಲಿ. ನಂತರದ ಕಾರ್ಖಾನೆಗಳಲ್ಲಿ ಎಲ್ಲ ಸಮುದಾಯದವರೂ ದುಡಿದರು. ತಲೆಯ ಮೇಲೆ ಹಸಿ ಹಂಚು ಹೊತ್ತು ಅಟ್ಟ ಹತ್ತಿದವರಲ್ಲಿ ಹೆಂಗಸರೇ ಹೆಚ್ಚು. ಒಂದು ಹಂಚಿನ ತೂಕ ಎರಡರಿಂದ ಮೂರು ಕಿಲೋ. ಒಂದು ದಿನದ ಹೊರೆಯನ್ನು ಓದುಗರೇ ಲೆಕ್ಕ ಹಾಕಲಿ. ಕೆಂಪು ಬಾವುಟದ ಸಂಘಟನೆ ಈ ಊರಿನಲ್ಲಿ ಬೇರು ಬಿಟ್ಟದ್ದೂ ಹಂಚು, ಗೇರುಬೀಜ, ಬೀಡಿ ಕಾರ್ಮಿಕರ ನಡುವೆಯೇ. ಕೂಲಿ, ಬೋನಸ್, ರಜೆಗಾಗಿ ನಡೆದ ಮುಷ್ಕರಗಳಿಲ್ಲದ ಹಂಚಿನ ಇತಿಹಾಸ ಅರ್ಧ ಇತಿಹಾಸ. ಮಾಲೀಕರ ಭಾವಚಿತ್ರದ ಎದುರು ಸಂಘದ ಬಾವುಟವನ್ನೂ ತೂಗುಹಾಕುವ ಧೈರ್ಯ ಬೇಕು.

ಇನ್ನೂ ಬದುಕಿರುವ ಹಿರಿಯ ಕೆಲಸಗಾರರನ್ನು ಉದ್ಘಾಟನೆಯ ದಿನ ಶಾಲು ಹೊದೆಸಿ ಕಳುಹಿಸುವುದಲ್ಲ. ಸಂಬಳ ಕೊಟ್ಟು ಮಾರ್ಗದರ್ಶಕರಾಗಿ ಇಟ್ಟುಕೊಳ್ಳಬೇಕು. ಅವರು ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಬ್ಯಾರಿಯಲ್ಲಿಯೋ ಹೇಳಲಿ, ಪಕ್ಕದಲ್ಲಿ ಒಬ್ಬರು ಕನ್ನಡಕ್ಕೆ ತರಲಿ.

ಯಂತ್ರಗಳನ್ನು ಕಿತ್ತು ಬೇರೆ ಕಡೆ ಒಂದು ಒಳ್ಳೆಯ ಮ್ಯೂಸಿಯಂ ಮಾಡಿದರೆ ಸುಲಭವಲ್ಲವೇ?

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಸ್ತಶಿಲ್ಪ ಪರಂಪರಾ ಗ್ರಾಮ ಕಟ್ಟಿದ್ದು ಆ ರೀತಿ. ಒಡೆದುಹೋಗಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದರು. ಮರದ ಮನೆಗೆ ಅದು ಸಾಧ್ಯ. ಕಂಬ, ತೊಲೆ, ಬಾಗಿಲು ಎಲ್ಲವೂ ಬಿಚ್ಚಿಕೊಳ್ಳುತ್ತವೆ. ಇಟ್ಟಿಗೆಯ ಭಟ್ಟಿಯನ್ನು ಹಾಗೆ ಎತ್ತಲಾಗದು, ನದಿಯನ್ನಂತೂ ಆಗದು. ಸಂಪೂರ್ಣ ನಾಶಕ್ಕಿಂತ ಸ್ಥಳಾಂತರ ಮೇಲು, ಅಷ್ಟೇ. ಒತ್ತುಯಂತ್ರವೊಂದು ಗುಜರಿಗೆ ಹೊರಟಿದೆ ಎಂದು ಗೊತ್ತಾದರೆ ತತ್ತ್ವ ಮಾತಾಡುತ್ತ ನಿಲ್ಲಬೇಡಿ, ಲಾರಿ ತನ್ನಿ.

ಉಡುಪಿಯ ಕಡೆ ಏನು ಮಾಡಬಹುದು?

ಮಲ್ಪೆಗೆ ಜನರನ್ನು ಕರೆಯಬೇಕಾಗಿಯೇ ಇಲ್ಲ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗೆ ಕಾಯುತ್ತ ನಿಂತವರೇ ಸಾಕು. ಅವರಿಗೆ ಮೀನಿನ ಬಂದರು, ದೋಣಿ ಕಟ್ಟುವ ಜಾಗ, ಹಂಚಿನ ಹಳೆಯ ಕಥೆ ಇವನ್ನು ಜೋಡಿಸಿದ ಒಂದು ನಡಿಗೆಯ ದಾರಿ ಕೊಡಬಹುದು. ಬ್ರಹ್ಮಾವರದ ನಿಂತುಹೋದ ಸಕ್ಕರೆ ಕಾರ್ಖಾನೆಯ ನೆನಪು ಆ ಭಾಗದ ರೈತರಲ್ಲಿ ಇನ್ನೂ ಹಸಿಯಾಗಿದೆ. ಅದನ್ನು ಈಗಲೇ ಪ್ರವಾಸದ ಸರಕು ಮಾಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಮಂಗಳೂರಿಗೆ ಬರುವ ಪ್ರವಾಸಿಗಳಿಗೆ ಇದಕ್ಕೆ ಸಮಯವಿದೆಯೇ?

ನವ ಮಂಗಳೂರು ಬಂದರಿಗೆ ಬರುವ ವಿಹಾರ ನೌಕೆಗಳ ಪ್ರಯಾಣಿಕರು ಕೆಲವೇ ಗಂಟೆ ಊರಿನಲ್ಲಿರುತ್ತಾರೆ. ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದ ಚಿತ್ರಗಳು, ಜೊತೆಗೆ ಒಂದು ಗೇರುಬೀಜದ ಕಾರ್ಖಾನೆ ಅವರ ಸುತ್ತಾಟದಲ್ಲಿ ಈಗಾಗಲೇ ಸೇರಿವೆ. ದುಡಿಯುವ ಕೈಗಳನ್ನು ನೋಡಲು ಜನ ಬರುತ್ತಾರೆ ಎಂಬುದಕ್ಕೆ ಅದೇ ಪುರಾವೆ. ಆದರೂ ಹಡಗಿನವರನ್ನು ನಂಬಿ ಯೋಜನೆ ಮಾಡಬೇಡಿ. ಶಾಲೆಯ ಮಕ್ಕಳು, ವಾಸ್ತುಶಿಲ್ಪದ ವಿದ್ಯಾರ್ಥಿಗಳು, ರಜೆಗೆ ಊರಿಗೆ ಬಂದ ಮುಂಬಯಿ–ಗಲ್ಫ್ ಸಂಸಾರಗಳು, ಇವರೇ ವರ್ಷವಿಡೀ ಬರುವವರು. ಅಜ್ಜನೋ ಅಜ್ಜಿಯೋ ಹಂಚಿನ ಕಾರ್ಖಾನೆಯಲ್ಲಿ ದುಡಿದವರ ಮನೆಗಳು ಈ ಊರಿನಲ್ಲಿ ಕಡಿಮೆಯೇನಿಲ್ಲ.

ಮಳೆಗಾಲದಲ್ಲಿ ಮುಚ್ಚಬೇಕೇ?

ಬೇಡ. ಹಂಚಿನ ಮಾಡಿನ ಕೆಳಗೆ ಮಳೆಯ ಸದ್ದು ಕೇಳುವುದಕ್ಕೇ ಟಿಕೆಟ್ ಇಡಬಹುದು.

ನಾನೊಬ್ಬ ಸಾಮಾನ್ಯ ನಾಗರಿಕ. ಈಗಲೇ ಏನು ಮಾಡಬಲ್ಲೆ?

ನಿಮ್ಮ ಹಳೆಯ ಮನೆ ಬಿಚ್ಚುವಾಗ ಹಂಚಿನ ಹಿಂಬದಿ ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು, ಊರು, ಕೆಲವದರಲ್ಲಿ ಇಸವಿ ಅಥವಾ ಗುರುತಿನ ಚಿತ್ರ ಇರುತ್ತದೆ. ಬೇರೆ ಬೇರೆ ಗುರುತಿನ ಒಂದೊಂದು ಹಂಚು ಎತ್ತಿಡಿ, ಯಾವ ಊರಿನ ಯಾವ ಮನೆಯದು ಎಂದು ಬರೆದಿಡಿ. ಮನೆಯಲ್ಲಿ ಕೂಲಿ ಚೀಟಿ, ಸಂಘದ ರಶೀದಿ, ಕಾರ್ಖಾನೆಯ ಮುಂದೆ ತೆಗೆಸಿಕೊಂಡ ಗುಂಪಿನ ಫೋಟೊ ಇದ್ದರೆ ಮೊಬೈಲಿನಲ್ಲಿ ಸೆರೆಹಿಡಿದು, ಅದರಲ್ಲಿರುವವರ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ದುಡಿದ ಹಿರಿಯರಿದ್ದರೆ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಜೀವನ ಹೇಗಿತ್ತು ಎಂದು ಕೇಳಿದರೆ ಕಷ್ಟ ಇತ್ತು ಎಂದು ಸುಮ್ಮನಾಗುತ್ತಾರೆ. ಬೆಳಿಗ್ಗೆ ಸೈರನ್ ಎಷ್ಟು ಗಂಟೆಗೆ ಊದುತ್ತಿತ್ತು, ಒಂದು ಸಲಕ್ಕೆ ಎಷ್ಟು ಹಂಚು ಹೊರುತ್ತಿದ್ದಿರಿ, ಒಡೆದರೆ ಕೂಲಿಯಲ್ಲಿ ಮುರಿಯುತ್ತಿದ್ದರೇ, ಮಗುವನ್ನು ಎಲ್ಲಿ ಮಲಗಿಸುತ್ತಿದ್ದಿರಿ ಎಂದು ಕೇಳಿ.